ಮೊದಲ ಆಲ್ಬಮ್: ಯಾವ ಹಾಡು ಇಡಬೇಕು, ಯಾವುದನ್ನು ಬಿಡಬೇಕು, ಹಕ್ಕು ಯಾರ ಕೈಯಲ್ಲಿರಬೇಕು

ಪ್ರಶ್ನೆ: ಹಾಡು ಬರೆದು, ಟ್ಯೂನ್ ಹಾಕಿ, ಗಿಟಾರ್ ಹಿಡಿದು ನಾನೇ ಹಾಡುತ್ತೇನೆ. ಕೆಲವು ವರ್ಷಗಳಲ್ಲಿ ಸುಮಾರು ಮೂವತ್ತು ಹಾಡು ಸೇರಿವೆ. ಈಗ ಮೊದಲ ಪಾಪ್ ಆಲ್ಬಮ್ ಮಾಡಬೇಕು ಎಂದಿದ್ದೇನೆ. ಆದರೆ ಹಾಡುಗಳು ಒಂದೊಂದು ಒಂದೊಂದು ಥರ ಇವೆ, ಯಾವುದನ್ನು ಬಿಡುವುದಕ್ಕೂ ಮನಸ್ಸಿಲ್ಲ. ಸ್ಟುಡಿಯೋದಲ್ಲಿ ಎರಡು ಮೂರು ಹಾಡು ರೆಕಾರ್ಡ್ ಮಾಡಿ ನೋಡಿದೆ, ಫೋನ್‌ನಲ್ಲಿ ಹಾಡಿಟ್ಟುಕೊಂಡ ಡೆಮೊದಲ್ಲಿದ್ದ ಜೀವ ಅದರಲ್ಲಿಲ್ಲ. 'ಈಗ ಆಲ್ಬಮ್ ಯಾರು ಕೇಳುತ್ತಾರೆ, ಒಂದೊಂದೇ ಹಾಡು ಬಿಡುಗಡೆ ಮಾಡು' ಎಂದು ಗೆಳೆಯರು ಹೇಳುತ್ತಾರೆ. ಇದರ ಮಧ್ಯೆ ಹಾಡು ಬಿಡುಗಡೆ ಮಾಡುವ ಒಂದು ಲೇಬಲ್‌ನವರು ಒಪ್ಪಂದದ ಕರಡು ಕಳಿಸಿದ್ದಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಒಪ್ಪಂದಕ್ಕೆ ಸದ್ಯ ಸಹಿ ಹಾಕಬೇಡಿ. ಕೊನೆಯಲ್ಲಿ ಆ ವಿಷಯಕ್ಕೇ ಬರುತ್ತೇನೆ. ಮೊದಲು ಹಾಡುಗಳ ಮಾತಾಡೋಣ. ಯಾಕೆಂದರೆ ಆಲ್ಬಮ್ಮೋ ಸಿಂಗಲ್ಲೋ, ಯಾವ ಪ್ರೊಡ್ಯೂಸರ್ (ದುಡ್ಡು ಹಾಕುವವರಲ್ಲ, ಹಾಡಿನ ಸೌಂಡ್ ರೂಪಿಸುವವರು), ಎಂಥ ಸೌಂಡ್ ಎನ್ನುವ ಪ್ರಶ್ನೆಗಳೆಲ್ಲ ಯಾವ ಹತ್ತು ಹಾಡು ಎಂದು ತೀರ್ಮಾನವಾದ ಮೇಲೆ ಅರ್ಧಕ್ಕರ್ಧ ಸಲೀಸಾಗುತ್ತವೆ.

ಕೇಳುವವರಿಗೆ ನೀವು ಯಾರೆಂದು ಗೊತ್ತಿಲ್ಲ. ಎರಡನೇ ಆಲ್ಬಮ್ ಹೊತ್ತಿಗೆ ಗೊತ್ತಿರುತ್ತದೆ, ಆಗ ಏನು ಪ್ರಯೋಗ ಮಾಡಿದರೂ ಜೊತೆಗೆ ಬರುತ್ತಾರೆ. ಮೊದಲನೆಯದು ಮುಗಿಯುವಷ್ಟರಲ್ಲಿ ಮಾತ್ರ ಅವರ ಮನಸ್ಸಿನಲ್ಲಿ ಒಬ್ಬ ಮನುಷ್ಯ ನಿಂತಿರಬೇಕು. ಹೀಗೆ ಮಾತಾಡುವ, ಇಂಥದ್ದಕ್ಕೆ ಸಿಟ್ಟಾಗುವ, ಇಂಥದ್ದನ್ನು ಹೇಳದೆ ಬಿಡುವ ಒಬ್ಬರು. ನಿಮ್ಮ ಮೂವತ್ತು ಹಾಡುಗಳಲ್ಲಿ ಆ ಒಬ್ಬರು ಎಷ್ಟರಲ್ಲಿದ್ದಾರೆ? ನಾನು ನೋಡುವುದು ಇದನ್ನೇ. ಟ್ಯೂನ್ ಎಷ್ಟು ಚೆನ್ನಾಗಿದೆ ಎನ್ನುವುದು ಆಮೇಲೆ.

ಹೀಗೆ ಮಾಡಿ. ಒಂದು ದಿನ ಕೂತು ಮೂವತ್ತನ್ನೂ ಬರೀ ಗಿಟಾರ್ ಮತ್ತು ದನಿಯಲ್ಲಿ ಹಾಡಿ, ಫೋನ್‌ನಲ್ಲಿ ರೆಕಾರ್ಡ್ ಮಾಡಿ. ಒಂದು ಹಾಡಿಗೆ ಒಂದೇ ಟೇಕ್. ತಪ್ಪಿದರೂ ಮುಂದೆ ಹೋಗಿ. ಬೀಟ್ ಇಲ್ಲ, ರಿವರ್ಬ್ ಇಲ್ಲ, ಹಾರ್ಮನಿ ಇಲ್ಲ. ಆಮೇಲೆ ವಾರ ಹತ್ತು ದಿನ ಅದನ್ನು ಮುಟ್ಟಬೇಡಿ. ಮತ್ತೆ ಕೇಳುವಾಗ ಒಂದೊಂದು ಹಾಡಿನ ಮುಂದೆಯೂ, ಇದನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಎಂದು ಒಂದು ಸಾಲು ಬರೆಯಿರಿ. ಕೆಲವು ಹಾಡುಗಳಿಗೆ ಆ ಸಾಲು ತಟ್ಟನೆ ಬರುತ್ತದೆ. ಕೆಲವಕ್ಕೆ ಎಷ್ಟು ಯೋಚಿಸಿದರೂ ಬರುವುದಿಲ್ಲ, 'ಪ್ರೀತಿಯ ಬಗ್ಗೆ', 'ಬದುಕಿನ ಬಗ್ಗೆ' ಎಂದಷ್ಟೇ ಬರೆಯಬೇಕಾಗುತ್ತದೆ. ಆ ಎರಡನೇ ಗುಂಪನ್ನು ಬಿಡಿ. ಅದರಲ್ಲಿ ನಿಮ್ಮ ಅತ್ಯಂತ ಇಂಪಾದ ಟ್ಯೂನ್ ಇದ್ದರೂ ಬಿಡಿ. ಬೇರೆ ಯಾರು ಬೇಕಾದರೂ ಹಾಡಬಹುದಾದ ಹಾಡು ಮೊದಲ ಆಲ್ಬಮ್‌ನಲ್ಲಿ ನಿಮಗೆ ಏನೂ ಉಪಯೋಗ ಮಾಡುವುದಿಲ್ಲ.

ಉಳಿದವುಗಳಲ್ಲಿ ಒಂದೇ ಕೆಲಸ ಮಾಡುವ ಜೋಡಿಗಳು ಸಿಗುತ್ತವೆ, ಖಂಡಿತ ಸಿಗುತ್ತವೆ. ಬಿಟ್ಟುಹೋದವರ ಮೇಲಿನ ಸಿಟ್ಟಿನ ಹಾಡು ಎರಡು, ಚಿಕ್ಕಂದಿನ ನೆನಪಿನ ಹಾಡು ಮೂರು, ಹೀಗೆ. ಪ್ರತಿ ಗುಂಪಿನಿಂದಲೂ ಒಂದನ್ನೇ ಇಟ್ಟುಕೊಳ್ಳಿ. ಇಲ್ಲಿ ನನ್ನ ಒಂದು ಪಕ್ಷಪಾತ ಇದೆ: ಹೊಸದಕ್ಕಿಂತ ಹಳೆಯದಕ್ಕೆ ಹೆಚ್ಚು ಕಿವಿ ಕೊಡಿ. ಬರೆಯುವವರಿಗೆ ಯಾವಾಗಲೂ ಹೋದ ತಿಂಗಳು ಬರೆದ ಹಾಡೇ ದೊಡ್ಡದಾಗಿ ಕಾಣುತ್ತದೆ. ಹಳೆಯ ಹಾಡುಗಳನ್ನು ನೀವು ಹಾಡಿ ಹಾಡಿ ಸವೆಸಿರುತ್ತೀರಿ, ಅದರಲ್ಲಿ ಬೇಡದ್ದು ತಾನಾಗಿ ಉದುರಿಹೋಗಿರುತ್ತದೆ.

ಇನ್ನೊಂದು ಕೆಲಸ, ಜಾಸ್ತಿ ಜನ ಮಾಡುವುದಿಲ್ಲ. ಪ್ರತಿ ಹಾಡಿನ ಮುಂದೆ ಅದರ ಶ್ರುತಿ ಮತ್ತು ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್) ಬರೆಯಿರಿ. ಒಬ್ಬರೇ ಗಿಟಾರ್ ಹಿಡಿದು ಬರೆಯುವವರಿಗೆ ಕೈ ಹೋಗುವ ಜಾಗ ಒಂದೇ, ಕಾಲು ತಾಳ ಹಾಕುವ ವೇಗವೂ ಒಂದೇ. ಹನ್ನೊಂದರಲ್ಲಿ ಎಂಟು ಹಾಡು ಜಿ ಮೇಜರ್‌ನಲ್ಲಿ, 90ರಿಂದ 100ರ ಮಧ್ಯದ ವೇಗದಲ್ಲಿ ಇದ್ದರೆ, ಸಾಹಿತ್ಯ ಎಷ್ಟೇ ಬೇರೆಯಾಗಿರಲಿ, ಆರನೇ ಹಾಡಿಗೆ ಕಿವಿ ದಣಿಯುತ್ತದೆ. ಕೇಳುವವರಿಗೆ ಕಾರಣ ಗೊತ್ತಾಗುವುದಿಲ್ಲ, 'ಯಾಕೋ ಎಲ್ಲ ಒಂದೇ ಥರ' ಎನ್ನುತ್ತಾರೆ ಅಷ್ಟೇ. ಗಿಟಾರ್ ಕುತ್ತಿಗೆಗೆ ಹಾಕುವ ಕ್ಲಿಪ್, ಅಂದರೆ ಕಾಪೊ, ಎರಡು ಮೂರು ಫ್ರೆಟ್ ಮೇಲೆ ಕೆಳಗೆ ಮಾಡಿ ನೋಡಿ. ಅದರಿಂದ ಇನ್ನೊಂದು ಲಾಭವೂ ಇದೆ. ರಾತ್ರಿ ಯಾರಿಗೂ ಕೇಳಿಸದ ಹಾಗೆ ಮೆತ್ತಗೆ ಹಾಡಿ ಕಟ್ಟಿದ ಹಾಡುಗಳ ಶ್ರುತಿ ಸಾಮಾನ್ಯವಾಗಿ ತುಂಬ ಕೆಳಗಿರುತ್ತದೆ. ಎರಡು ಫ್ರೆಟ್ ಮೇಲೆ ಹೋದಾಗ ಪಲ್ಲವಿಯಲ್ಲಿ ದನಿ ತುಸು ಒತ್ತಿ ಬರಬೇಕಾಗುತ್ತದೆ, ಆ ಒತ್ತಡದಲ್ಲೇ ಎಷ್ಟೋ ಸಲ ಹಾಡು ಎದ್ದು ನಿಲ್ಲುತ್ತದೆ.

'ಒಂದೊಂದು ಒಂದೊಂದು ಥರ' ಎಂದು ಹೆದರಬೇಡಿ. ಹೇಳುವ ಮನುಷ್ಯ ಒಬ್ಬರೇ ಆಗಿದ್ದರೆ ಹಾಡುಗಳು ಬೇರೆ ಬೇರೆ ಇರುವುದು ಒಳ್ಳೆಯದೇ. ಅವನ್ನು ಕೂಡಿಸಲು ವಾದ್ಯಗಳಲ್ಲಿ ಜಿಪುಣತನ ಮಾಡಿ. ನಾಲ್ಕೈದು ದನಿ ಆರಿಸಿ: ನಿಮ್ಮ ಗಿಟಾರ್, ಒಂದು ಬಾಸ್, ಒಂದೇ ಡ್ರಮ್ ಕಿಟ್ ಅಥವಾ ಒಂದೇ ಡ್ರಮ್ ಮಷಿನ್, ಒಂದು ಕೀಬೋರ್ಡ್ ಸೌಂಡ್, ಇನ್ನೊಂದು ನಿಮಗೆ ಇಷ್ಟವಾದದ್ದು. ಎಲ್ಲ ಹಾಡೂ ಇವುಗಳಿಂದಲೇ ಆಗಬೇಕು ಎಂದು ಪಟ್ಟು ಹಿಡಿಯಿರಿ. ಒಂದು ಹಾಡಿಗೆ ಮಾತ್ರ ಪಿಟೀಲಿನ ಗುಂಪು ಬೇಕು ಎಂದು ಯಾರಾದರೂ ಹೇಳಿದರೆ ಎರಡು ಸಲ ಯೋಚಿಸಿ.

ಎಷ್ಟು ಹಾಡು ಎಂದರೆ ಹತ್ತು, ಹನ್ನೊಂದು. ಹಳೆಯ ಎಲ್‌ಪಿ ತಟ್ಟೆಯಲ್ಲಿ ಒಂದು ಬದಿಗೆ ಸುಮಾರು 22 ನಿಮಿಷ ಹಿಡಿಯುತ್ತಿತ್ತು, ಆಮೇಲೆ ಸಿಡಿ ಬಂದು 74 ನಿಮಿಷ ಆಯಿತು, ಈಗಂತೂ ಮಿತಿಯೇ ಇಲ್ಲ. ಆದರೂ ಟ್ರೇಸಿ ಚಾಪ್‌ಮನ್ ಅವರ 1988ರ ಮೊದಲ ಆಲ್ಬಮ್‌ನಲ್ಲಿ 11 ಹಾಡು, ಸುಮಾರು 36 ನಿಮಿಷ. ಲಾರ್ಡ್ ಎಂಬ ಗಾಯಕಿಯ 2013ರ ಮೊದಲ ಆಲ್ಬಮ್‌ನಲ್ಲಿ 10 ಹಾಡು, 37 ನಿಮಿಷ. ಒಲಿವಿಯಾ ರೊಡ್ರಿಗೊ ಅವರ 2021ರ ಮೊದಲ ಆಲ್ಬಮ್‌ನಲ್ಲಿ 11 ಹಾಡು, 35 ನಿಮಿಷದೊಳಗೆ. ಮೂರು ಬೇರೆ ಕಾಲ, ಕೇಳುವ ರೀತಿ ಬೇರೆ ಬೇರೆ, ಅಳತೆ ಮಾತ್ರ ಹೆಚ್ಚುಕಮ್ಮಿ ಒಂದೇ. ಹೊಸ ದನಿಯೊಂದನ್ನು ಒಂದೇ ಸಲಕ್ಕೆ ಕೂತು ಕೇಳುವ ತಾಳ್ಮೆ ಅಷ್ಟೇ ಎಂದು ನನಗೆ ಅನಿಸುತ್ತದೆ. ತುಂಬುವುದಕ್ಕೆಂದು ಹಾಡು ಸೇರಿಸಿದರೆ ದುಡ್ಡೂ ಬರುವುದಿಲ್ಲ. 2024ರಿಂದ ಸ್ಪಾಟಿಫೈನಲ್ಲಿ ಹಿಂದಿನ 12 ತಿಂಗಳಲ್ಲಿ ಕನಿಷ್ಠ 1000 ಸಲ ಕೇಳಿಸಿಕೊಳ್ಳದ ಟ್ರ್ಯಾಕ್‌ಗೆ ರೆಕಾರ್ಡಿಂಗ್ ಪಾಲಿನ ಹಣ ಇಲ್ಲ.

ಈಗ ಡೆಮೊ ವಿಷಯ. ಇದು ನಿಮ್ಮೊಬ್ಬರ ಕಷ್ಟ ಅಲ್ಲ, ದೊಡ್ಡ ದೊಡ್ಡ ಲೇಬಲ್‌ಗಳಿಗೂ ಆಗಿದೆ. ನೋರಾ ಜೋನ್ಸ್ ಅವರ 2002ರ ಮೊದಲ ಆಲ್ಬಮ್ ಗೊತ್ತಲ್ವಾ? ಮೊದಲು ಒಬ್ಬ ಪ್ರೊಡ್ಯೂಸರ್ ಜೊತೆ ಮಾಡಿದ ರೆಕಾರ್ಡಿಂಗ್‌ಗಳಲ್ಲಿ ಹೆಚ್ಚಿನವನ್ನು ಬ್ಲೂ ನೋಟ್ ಲೇಬಲ್ ಪಕ್ಕಕ್ಕಿಟ್ಟಿತು. ಡೆಮೊದಲ್ಲಿದ್ದ ಸರಳತೆ ಅವುಗಳಲ್ಲಿ ಇರಲಿಲ್ಲ. ಆಮೇಲೆ ಪ್ರೊಡ್ಯೂಸರ್ ಆಗಿ ಆರಿಫ್ ಮಾರ್ಡಿನ್ ಬಂದರು, ಮತ್ತೆ ಸರಳವಾಗಿ ರೆಕಾರ್ಡ್ ಮಾಡಿದರು. ಆ ಆಲ್ಬಮ್‌ನ ಎಲ್ಲಕ್ಕಿಂತ ಹೆಸರಾದ ಹಾಡು, ಜೆಸ್ಸಿ ಹ್ಯಾರಿಸ್ ಬರೆದದ್ದು, ಡೆಮೊಗೆಂದು ಮಾಡಿದ್ದ ರೆಕಾರ್ಡಿಂಗ್‌ನಿಂದಲೇ ಬಂದದ್ದು. 2003ರಲ್ಲಿ ವರ್ಷದ ಆಲ್ಬಮ್ ಗ್ರ್ಯಾಮಿ ಇದಕ್ಕೇ ಸಿಕ್ಕಿತು.

ಜೀವ ಹೋಗುವುದಕ್ಕೆ ಕಾರಣಗಳು ಇರುತ್ತವೆ, ಹುಡುಕಿದರೆ ಸಿಗುತ್ತವೆ. ಡೆಮೊದಲ್ಲಿ ನೀವು ಹಾಡುತ್ತ ನುಡಿಸಿದ್ದೀರಿ. ಚರಣದಲ್ಲಿ ತುಸು ನಿಧಾನ, ಪಲ್ಲವಿಗೆ ಬರುವಾಗ ತುಸು ಜೋರು, ಕೊನೆಯ ಸಾಲಿಗೆ ಮುಂಚೆ ಒಂದು ಉಸಿರಿನಷ್ಟು ನಿಲುಗಡೆ. ಸ್ಟುಡಿಯೋದಲ್ಲಿ ಏನಾಗುತ್ತದೆ? ಮೊದಲು ಕ್ಲಿಕ್ (ವೇಗ ತೋರಿಸುವ ಟಕ್ ಟಕ್ ಸದ್ದು) ಹಾಕಿ ಒಂದೇ ವೇಗದಲ್ಲಿ ಟ್ರ್ಯಾಕ್ ಕಟ್ಟುತ್ತಾರೆ, ಅದರ ಮೇಲೆ ಎಲ್ಲರೂ ನುಡಿಸುತ್ತಾರೆ, ಕೊನೆಯಲ್ಲಿ ನೀವು ಬಂದು ಆ ಚೌಕಟ್ಟಿನೊಳಗೆ ಹಾಡುತ್ತೀರಿ. ನಿಮ್ಮ ಹಾಡಿಗೆ ನೀವೇ ಅತಿಥಿಯಾಗುತ್ತೀರಿ. ಇನ್ನೊಂದು, ಹೆಡ್‌ಫೋನ್. ಕಿವಿಯಲ್ಲಿ ಡ್ರಮ್ಸ್ ಜೋರಾಗಿದ್ದರೆ ದನಿ ತಾನಾಗಿ ಜೋರಾಗುತ್ತದೆ, ಪಿಸುಮಾತಿನ ಹಾಡು ಭಾಷಣವಾಗುತ್ತದೆ. ಫೋನ್ ಆದರೋ ಮೆತ್ತಗಿನ ದನಿಯನ್ನು ತಾನೇ ಮೇಲೆತ್ತಿ ಹಿಡಿಯುತ್ತದೆ, ಅದಕ್ಕೇ ಡೆಮೊದಲ್ಲಿ ಉಸಿರೂ ಕೇಳಿಸುತ್ತದೆ, ಹತ್ತಿರ ಕೂತು ಹಾಡಿದ ಹಾಗಿರುತ್ತದೆ.

ಹಾಗಾಗಿ ಕ್ರಮ ತಿರುಗಿಸಿ. ಮೊದಲು ನೀವು ಗಿಟಾರ್ ಮತ್ತು ದನಿ ಒಟ್ಟಿಗೆ, ಕ್ಲಿಕ್ ಇಲ್ಲದೆ ಹಾಡಿ. ಒಂದು ಒಳ್ಳೆಯ ಟೇಕ್ ಸಿಕ್ಕ ಮೇಲೆ ಎಂಜಿನಿಯರ್ ಅದಕ್ಕೆ ಟೆಂಪೊ ಮ್ಯಾಪ್ ಮಾಡಲಿ. ಅಂದರೆ ನೀವು ನಿಧಾನವಾದಲ್ಲಿ ಕ್ಲಿಕ್ ಕೂಡ ನಿಧಾನವಾಗಬೇಕು. ಉಳಿದವರೆಲ್ಲ ಅದರ ಮೇಲೆ ನುಡಿಸಲಿ. ಕುಣಿಯುವ ಹಾಡಾದರೆ ಒಂದೇ ವೇಗ ಬೇಕು ನಿಜ, ಆದರೆ ಎಲ್ಲ ಹಾಡೂ ಅಂಥವಲ್ಲ. ಹಾಡುವಾಗ ಹೆಡ್‌ಫೋನ್ ಒಂದು ಕಿವಿಗೆ ಮಾತ್ರ ಹಾಕಿಕೊಳ್ಳಿ. ಲೈಟ್ ಕಡಿಮೆ ಮಾಡಲು ಹೇಳಿ, ಗಾಜಿನಾಚೆ ನಾಲ್ಕು ಜನ ನೋಡುತ್ತ ಕೂತಿದ್ದರೆ ಹೊರಗೆ ಕಳಿಸಿ. ನಾಚಿಕೊಳ್ಳಬೇಡಿ, ಅದನ್ನು ಕೇಳುವ ಹಕ್ಕು ನಿಮಗಿದೆ. ಟೇಕ್‌ಗಳನ್ನು ಪದ ಪದ ಕತ್ತರಿಸಿ ಜೋಡಿಸುವುದಕ್ಕಿಂತ ಪೂರ್ತಿ ಟೇಕ್ ಒಂದನ್ನು ಇಟ್ಟುಕೊಂಡು, ಕಿವಿ ಎಡವುವ ಒಂದೆರಡು ಜಾಗ ಮಾತ್ರ ಸರಿಮಾಡಿ. ಪಿಚ್ ತಿದ್ದುವುದಕ್ಕೂ ಇದೇ ಮಾತು. ಶ್ರುತಿಗೆ ತುಸು ಕೆಳಗಿನಿಂದ ಜಾರಿ ಬರುವುದು ನಿಮ್ಮ ಹಾಡುವ ರೀತಿಯೇ ಆಗಿದ್ದರೆ ಅದನ್ನು ನೇರ ಮಾಡಿಸಿದ ದಿನ ನಿಮ್ಮನ್ನೇ ಒರೆಸಿ ಹಾಕಿದಂತೆ.

ಸ್ಟುಡಿಯೋವೇ ಬೇಕು ಎಂದೂ ಇಲ್ಲ. ಬಿಲ್ಲಿ ಐಲಿಷ್ ಅವರ 2019ರ ಮೊದಲ ಆಲ್ಬಮ್ ಬಹುಪಾಲು ಆಗಿದ್ದು ಅಪ್ಪ ಅಮ್ಮನ ಮನೆಯಲ್ಲಿ, ಅಣ್ಣ ಫಿನಿಯಸ್ ಅವರ ಮಲಗುವ ಕೋಣೆಯಲ್ಲಿ. ಮಾರನೇ ವರ್ಷ ಅದಕ್ಕೆ ವರ್ಷದ ಆಲ್ಬಮ್ ಗ್ರ್ಯಾಮಿ ಬಂತು, ಅಣ್ಣನಿಗೆ ವರ್ಷದ ಪ್ರೊಡ್ಯೂಸರ್ ಗ್ರ್ಯಾಮಿ ಬಂತು. ಹಾಗಂತ ಕೋಣೆಯಲ್ಲಿ ಮಾಡಿದರೆ ಸಾಕು ಎಂದಲ್ಲ, ಅಲ್ಲಿದ್ದ ಕಿವಿ ಮತ್ತು ಪುರಸೊತ್ತು ಎರಡೂ ಬೇಕು. ದನಿಯನ್ನು ನಿಮಗೆ ನೆಮ್ಮದಿ ಇರುವ ಕೋಣೆಯಲ್ಲಿ ರೆಕಾರ್ಡ್ ಮಾಡಿ, ಡ್ರಮ್ಸ್ ಮಾತ್ರ ಸ್ಟುಡಿಯೋದಲ್ಲಿ ಮಾಡಿ, ಎಲ್ಲವನ್ನೂ ಹದವಾಗಿ ಬೆರೆಸುವ ಮಿಕ್ಸಿಂಗ್‌ಗೆ ಅನುಭವಿಗಳಿಗೆ ಕೊಡಿ. ಖರ್ಚೂ ಇಳಿಯುತ್ತದೆ. ಹಳೆಯ ರೆಕಾರ್ಡಿಂಗ್ ಚೆನ್ನಾಗಿದ್ದರೆ ಅದನ್ನೇ ಆಲ್ಬಮ್‌ಗೆ ಹಾಕಲು ಹಿಂಜರಿಯಬೇಡಿ. ಕೇಟ್ ಬುಷ್ ಅವರ ಮೊದಲ ಆಲ್ಬಮ್ ಬಂದಿದ್ದು 1978ರಲ್ಲಿ. ಅದರಲ್ಲಿ ಎರಡು ಹಾಡು 1975ರಲ್ಲಿ, ಅವರಿನ್ನೂ ಹದಿಹರೆಯದ ಹುಡುಗಿಯಾಗಿದ್ದಾಗ, ರೆಕಾರ್ಡ್ ಮಾಡಿದ್ದವು. ಅವನ್ನು ಹಾಗೇ ಇಟ್ಟುಕೊಂಡರು.

ಪ್ರೊಡ್ಯೂಸರ್ ಒಬ್ಬರೇ ಇರಲಿ. ಮೊದಲ ಆಲ್ಬಮ್‌ಗೆ ಐದು ಜನ ಪ್ರೊಡ್ಯೂಸರ್ ಸೇರಿದರೆ ಐದು ಮನೆಯ ಸೌಂಡ್ ಬರುತ್ತದೆ. ಲಾರ್ಡ್ ತಮ್ಮದನ್ನು ಜೋಯಲ್ ಲಿಟಲ್ ಜೊತೆ, ರೊಡ್ರಿಗೊ ಹೆಚ್ಚುಕಡಿಮೆ ಪೂರ್ತಿಯಾಗಿ ಡ್ಯಾನ್ ನೈಗ್ರೊ ಜೊತೆ ಮಾಡಿದರು. ಆಲ್ಬಮ್ ಪೂರ್ತಿ ಒಪ್ಪಿಸುವ ಮುಂಚೆ ಒಂದು ಹಾಡು ದುಡ್ಡು ಕೊಟ್ಟು ಮಾಡಿಸಿ ನೋಡಿ. ಅವರಿಗೆ ನಿಮ್ಮ ಹದಿನೈದು ಡೆಮೊ ಕೊಟ್ಟು ಯಾವುದನ್ನು ಬಿಡುತ್ತೀರಿ ಎಂದು ಕೇಳಿ. 'ಎಲ್ಲ ಸೂಪರ್' ಎನ್ನುವವರಿಗಿಂತ, 'ನಾಲ್ಕನೆಯದರಲ್ಲಿ ಎರಡನೇ ಚರಣ ಬೇಕಾಗಿಲ್ಲ' ಎನ್ನುವವರು ನಿಮ್ಮ ಜನ.

ಮಿಕ್ಸಿಂಗ್, ಮಾಸ್ಟರಿಂಗ್ (ಬಿಡುಗಡೆಗೆ ಮುಂಚಿನ ಕೊನೆಯ ಹದ) ಬಗ್ಗೆ ಜಾಸ್ತಿ ಹೇಳುವುದಿಲ್ಲ. ಜೋರಾಗಿ ಕೇಳಿಸಲಿ ಎಂದು ಹಾಡಿನ ಏರಿಳಿತವನ್ನು ಹಿಂಡಿಸಬೇಡಿ. ಸ್ಪಾಟಿಫೈ ಎಲ್ಲ ಹಾಡನ್ನೂ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಸದ್ದಿನ ಜೋರಿನ ಅಳತೆ) ಮಟ್ಟಕ್ಕೆ ತರುತ್ತದೆ, ನೀವು ಜೋರು ಮಾಡಿದ್ದನ್ನು ಅದು ಇಳಿಸುತ್ತದೆ, ಉಳಿಯುವುದು ಹಿಂಡಿದ ನೋವು ಮಾತ್ರ. ಕೆಲಸ ಮುಗಿದ ದಿನ ಸ್ಟೆಮ್‌ಗಳು (ದನಿ, ವಾದ್ಯಗಳ ಬೇರೆ ಬೇರೆ ಟ್ರ್ಯಾಕ್), ದನಿ ಇಲ್ಲದ ವರ್ಷನ್‌ಗಳು, ಸೆಷನ್ ಫೈಲ್‌ಗಳು ಎಲ್ಲವನ್ನೂ ನಿಮ್ಮ ಹಾರ್ಡ್ ಡಿಸ್ಕ್‌ಗೆ ಹಾಕಿಸಿಕೊಂಡೇ ಕೊನೆಯ ಕಂತು ಕೊಡಿ.

ಗೆಳೆಯರು ಹೇಳುವುದು ಅರ್ಧ ಸರಿ. ಒಂದೇ ದಿನ ಹನ್ನೊಂದು ಹಾಡು ಬಿಟ್ಟರೆ ಹತ್ತು ಹಾಡು ಯಾರ ಕಿವಿಗೂ ಬೀಳುವುದಿಲ್ಲ. ಮೂರು ನಾಲ್ಕು ಹಾಡುಗಳನ್ನು ಆರು ವಾರಕ್ಕೊಂದರಂತೆ ಸಿಂಗಲ್ ಆಗಿ ಬಿಡಿ, ಆಮೇಲೆ ಆಲ್ಬಮ್. ಆದರೆ ಆಲ್ಬಮ್ ಬೇಡ ಎಂದರೆ ಒಪ್ಪುವುದಿಲ್ಲ. ಒಂದು ಹಾಡು ಇಷ್ಟವಾದವರು ನಿಮ್ಮ ಹೆಸರು ಒತ್ತಿ ಮುಂದೇನಿದೆ ಎಂದು ನೋಡುತ್ತಾರಲ್ಲ, ಆಗ ಅಲ್ಲಿ ಅವರಿಗೆ ಅರ್ಧ ಗಂಟೆ ಕೂರುವ ಜಾಗ ಇರಬೇಕು. ಡಿಸ್ಟ್ರೊಕಿಡ್, ಟ್ಯೂನ್‌ಕೋರ್, ಸಿಡಿ ಬೇಬಿಯಂಥ ವಿತರಕರ ಮೂಲಕ ನೀವೇ ಎಲ್ಲ ಕಡೆ ಹಾಕಬಹುದು. ಅದೇ ರೆಕಾರ್ಡಿಂಗ್ ಮೊದಲು ಸಿಂಗಲ್ ಆಗಿ, ಆಮೇಲೆ ಆಲ್ಬಮ್‌ನಲ್ಲಿ ಬರುವಾಗ ರೆಕಾರ್ಡಿಂಗ್‌ನ ಗುರುತಾದ, 12 ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ ಕೋಡ್ ಒಂದೇ ಇರಲಿ. ಕೋಡ್ ಬದಲಾದರೆ ಸಿಂಗಲ್‌ಗೆ ಬಂದ ಕೇಳುಗರ ಲೆಕ್ಕ ಆಲ್ಬಮ್‌ಗೆ ಸೇರುವುದಿಲ್ಲ. ಸ್ಪಾಟಿಫೈನ ಪ್ಲೇಲಿಸ್ಟ್ ತಂಡಕ್ಕೆ ಹಾಡು ತೋರಿಸಬೇಕೆಂದರೆ ಬಿಡುಗಡೆಗೆ ಕನಿಷ್ಠ ಏಳು ದಿನ ಮುಂಚೆ ಕಳಿಸಬೇಕು. ನಾನಂತೂ ನಾಲ್ಕು ವಾರ ಇಟ್ಟುಕೊಳ್ಳಿ ಎನ್ನುತ್ತೇನೆ. 30 ಸೆಕೆಂಡ್ ಕೇಳಿದರಷ್ಟೇ ಲೆಕ್ಕಕ್ಕೆ ಬರುತ್ತದೆ ಎಂದು ಎಲ್ಲ ಹಾಡಿನ ಮುನ್ನುಡಿಯನ್ನೂ ಕತ್ತರಿಸಿ ಪಲ್ಲವಿಯಿಂದಲೇ ಶುರು ಮಾಡುವವರಿದ್ದಾರೆ. ಮೊದಲ ಎರಡು ಸಿಂಗಲ್‌ಗೆ ಹಾಗೆ ಮಾಡಿ, ಪರವಾಗಿಲ್ಲ. ಎಲ್ಲದಕ್ಕೂ ಮಾಡಿದರೆ ಆಲ್ಬಮ್‌ಗೆ ಉಸಿರು ಇರುವುದಿಲ್ಲ.

ಮೊದಲ ಸಿಂಗಲ್ ಯಾವುದು? ಎಲ್ಲರಿಗೂ ಸ್ವಲ್ಪ ಸ್ವಲ್ಪ ಇಷ್ಟವಾಗುವುದನ್ನು ಆರಿಸಬೇಡಿ. ಕೇಟ್ ಬುಷ್ ಅವರಿಗೆ ಇಎಂಐ ಲೇಬಲ್ ಒಂದು ರಾಕ್ ಹಾಡನ್ನು ಮೊದಲು ಬಿಡೋಣ ಎಂದಿತ್ತು. ಅವರು ಹಟ ಹಿಡಿದು ಆಲ್ಬಮ್‌ನ ಅತ್ಯಂತ ವಿಚಿತ್ರ ಹಾಡನ್ನು ಬಿಡಿಸಿದರು. ಅದು ಬ್ರಿಟನ್‌ನಲ್ಲಿ ನಾಲ್ಕು ವಾರ ಮೊದಲ ಸ್ಥಾನದಲ್ಲಿತ್ತು. ನಿಮ್ಮ ಪಟ್ಟಿಯಲ್ಲಿ ನೀವೇ ಹಾಡಬೇಕಾದ, ಬೇರೆಯವರ ಬಾಯಲ್ಲಿ ಊಹಿಸಲೂ ಆಗದ ಹಾಡು ಯಾವುದಿದೆಯೋ ಅದನ್ನು ಮುಂದೆ ಮಾಡಿ.

ಇನ್ನು ಹಕ್ಕು. ಒಂದು ಹಾಡಿನಲ್ಲಿ ಎರಡು ಆಸ್ತಿ ಇವೆ. ಸಾಹಿತ್ಯ ಮತ್ತು ಟ್ಯೂನ್ ಒಂದು. ಆ ಹಾಡಿನ ಒಂದು ನಿರ್ದಿಷ್ಟ ರೆಕಾರ್ಡಿಂಗ್, ಅಂದರೆ ಮಾಸ್ಟರ್, ಇನ್ನೊಂದು. ಟ್ರೇಸಿ ಚಾಪ್‌ಮನ್ ಒಬ್ಬರೇ ಬರೆದ 'ಫಾಸ್ಟ್ ಕಾರ್' ಹಾಡನ್ನು 2023ರಲ್ಲಿ ಲ್ಯೂಕ್ ಕೋಂಬ್ಸ್ ತಮ್ಮ ದನಿಯಲ್ಲಿ ಹಾಡಿದಾಗ ಅದು ಅಮೆರಿಕದ ಹಾಟ್ 100 ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಹೋಯಿತು. ರೆಕಾರ್ಡಿಂಗ್ ಕೋಂಬ್ಸ್ ಕಡೆಯದು, ಆದರೆ ಬರೆದವರ ಪಾಲು ಚಾಪ್‌ಮನ್ ಅವರದು, ಹಾಡು ಬಂದ 35 ವರ್ಷದ ಮೇಲೆ. ಟೇಲರ್ ಸ್ವಿಫ್ಟ್ ಅವರದು ಇದರ ಇನ್ನೊಂದು ಮುಖ. ಮೊದಲ ಆರು ಆಲ್ಬಮ್‌ಗಳ ಮಾಸ್ಟರ್ ಲೇಬಲ್ ಕೈಯಲ್ಲಿತ್ತು, 2019ರಲ್ಲಿ ಲೇಬಲ್ ಮಾರಾಟವಾದಾಗ ಅವೂ ಬೇರೆಯವರ ಪಾಲಾದವು. ಹಾಡು ಬರೆದವರು ಅವರೇ ಆಗಿದ್ದರಿಂದ 2021ರಿಂದ ಹಳೆಯ ಆಲ್ಬಮ್‌ಗಳನ್ನು ಮತ್ತೆ ಹಾಡಿ ಹೊಸ ಮಾಸ್ಟರ್ ಮಾಡಿಕೊಳ್ಳಲು ಆಯಿತು. ಹಳೆಯ ಮಾಸ್ಟರ್‌ಗಳನ್ನು ಕೊಂಡುಕೊಂಡಿದ್ದು 2025ರಲ್ಲಿ. ಅಷ್ಟು ದೊಡ್ಡವರಿಗೂ ಅಷ್ಟು ವರ್ಷ ಬೇಕಾಯಿತು.

ಸ್ಟುಡಿಯೋದಲ್ಲಿ ಯಾರಾದರೂ ಒಂದು ಸಾಲು ಅಥವಾ ಪಲ್ಲವಿಯ ತಿರುವು ಸೂಚಿಸಿ ಅದು ಹಾಡಿಗೆ ಸೇರಿದರೆ, ಅವರಿಗೆ ಬರಹದಲ್ಲಿ ಎಷ್ಟು ಪಾಲು ಎಂದು ಅದೇ ದಿನ ಬರೆದು ಇಬ್ಬರೂ ಸಹಿ ಹಾಕಿ. ಗೆಳೆತನ ಕೆಡುತ್ತದೆ ಎಂದು ಮುಂದೂಡಬೇಡಿ, ಮುಂದೂಡಿದರೇ ಕೆಡುವುದು. ನಿಮ್ಮ ಯಾವುದಾದರೂ ಟ್ಯೂನ್ ಇನ್ನೊಂದು ಹಾಡನ್ನು ನೆನಪಿಸುತ್ತದೆಯೇ ಎಂದು ಸಂಗೀತ ಬಲ್ಲ ಒಂದಿಬ್ಬರಿಗೆ ಕೇಳಿಸಿ. ರೊಡ್ರಿಗೊ ಅವರ ಆ ಆಲ್ಬಮ್ ಬಂದ ಮೇಲೆ ಒಂದು ದೊಡ್ಡ ಹಿಟ್ ಹಾಡಿಗೆ ಪ್ಯಾರಮೋರ್ ಎಂಬ ರಾಕ್ ತಂಡದ ಹಾಡೊಂದನ್ನು ಬರೆದ ಇಬ್ಬರ ಹೆಸರನ್ನು ಬರೆದವರ ಸಾಲಿಗೆ ಸೇರಿಸಬೇಕಾಯಿತು. ಹಾಡುಗಳನ್ನು ಬಿಡುಗಡೆಗೆ ಮುಂಚೆಯೇ ನಿಮ್ಮ ದೇಶದ ಹಕ್ಕುಸ್ವಾಮ್ಯ ಸಂಘದಲ್ಲಿ ನೋಂದಾಯಿಸಿ. ವಿತರಕರ ಮೂಲಕ ಬರುವುದು ರೆಕಾರ್ಡಿಂಗ್ ಪಾಲು. ಬರೆದವರ ಪಾಲಿಗೆ ದಾರಿ ಬೇರೆ ಇದೆ, ನೀವು ಕೇಳದೆ ಅದು ಮನೆ ಬಾಗಿಲಿಗೆ ಬರುವುದಿಲ್ಲ.

ಈಗ ಆ ಕರಡು ಕೈಗೆ ತೆಗೆದುಕೊಳ್ಳಿ. ಮೊದಲು ನೋಡಬೇಕಾದ್ದು ಮಾಸ್ಟರ್ ಅವರಿಗೆ ಶಾಶ್ವತವಾಗಿ ಹೋಗುತ್ತದೋ, ಇಂತಿಷ್ಟು ವರ್ಷದ ಮೇಲೆ ನಿಮಗೆ ವಾಪಸ್ ಬರುತ್ತದೋ ಎಂಬುದು. ವಾಪಸ್ ಬರುವಂತಿದ್ದರೆ ಮಾತು ಮುಂದುವರಿಸಿ. ಅಡ್ವಾನ್ಸ್ ಮೊತ್ತ ನೋಡಿ ಹಿಗ್ಗಬೇಡಿ. ಅದು ನಿಮ್ಮ ರಾಯಲ್ಟಿಯಿಂದ ಮುರಿದುಕೊಳ್ಳುವ ಹಣ. ಅದರ ಜೊತೆಗೆ ರೆಕಾರ್ಡಿಂಗ್ ಖರ್ಚು, ವಿಡಿಯೋ ಖರ್ಚು, ಪ್ರಚಾರದ ಖರ್ಚನ್ನೂ ನಿಮ್ಮ ಲೆಕ್ಕಕ್ಕೇ ಹಾಕುತ್ತಾರೋ ಎಂದು ಕೇಳಿ. ಮುಂದಿನ ಆಲ್ಬಮ್‌ಗಳ ಮೇಲೆ ಆಯ್ಕೆ ಅವರಿಗಿದೆಯೋ, ಇದ್ದರೆ ಎಷ್ಟು ಆಲ್ಬಮ್, ಅವರು ಸುಮ್ನೆ ಕೂತರೆ ನೀವು ಎಷ್ಟು ತಿಂಗಳಲ್ಲಿ ಒಪ್ಪಂದದಿಂದ ಬಿಡುಗಡೆಯಾಗುತ್ತೀರಿ ಎಂದು ಕೇಳಿ. ಇದು ಕೊನೆಯದೆಂದು ಸಣ್ಣದೆಂದುಕೊಳ್ಳಬೇಡಿ. ಆಲ್ಬಮ್ ರೆಕಾರ್ಡ್ ಆಗಿ, ಬಿಡುಗಡೆಯಾಗದೆ, ಬೇರೆ ಕಡೆ ಹಾಡಲೂ ಆಗದೆ ಕೂರುವ ಸ್ಥಿತಿ ಎಲ್ಲಕ್ಕಿಂತ ಕೆಟ್ಟದ್ದು. ಬರೆದವರ ಹಕ್ಕನ್ನೂ ಅದೇ ಒಪ್ಪಂದದಲ್ಲಿ ಕೇಳಿದ್ದರೆ ಅದನ್ನು ಬೇರ್ಪಡಿಸಿ ಎನ್ನಿ. ಸ್ಟೇಜ್ ಕಾರ್ಯಕ್ರಮದ ಆದಾಯದಲ್ಲೂ ಪಾಲು ಬೇಕೆಂದಿದ್ದರೆ, ಆ ಕಾರ್ಯಕ್ರಮ ಕೊಡಿಸಲು ಅವರು ಏನು ಮಾಡುತ್ತಾರೆ ಎಂದು ಬರೆದುಕೊಡಲಿ.

ಇವಿಷ್ಟನ್ನೂ ಒಂದು ಮೇಲ್‌ನಲ್ಲಿ ಕೇಳಿ. ಫೋನ್‌ನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಉತ್ತರ ಬಂದ ಮೇಲೆ ಮನರಂಜನಾ ಒಪ್ಪಂದಗಳನ್ನು ನೋಡಿ ಪಳಗಿದ ವಕೀಲರಿಗೆ, ಲೇಬಲ್‌ನವರು ತೋರಿಸಿದವರಿಗಲ್ಲ, ನೀವೇ ಹುಡುಕಿದವರಿಗೆ, ಓದಲು ಕೊಡಿ. ಅಷ್ಟರಲ್ಲಿ ಮೂವತ್ತು ಹಾಡಿನ ರೆಕಾರ್ಡಿಂಗ್ ಮಾಡಿ ಪಟ್ಟಿ ಹನ್ನೊಂದಕ್ಕೆ ಇಳಿಸಿರಿ, ಯಾಕೆಂದರೆ ಲೇಬಲ್ ಜೊತೆ ಕೂತಾಗ ಯಾವ ಆಲ್ಬಮ್ ಎಂದು ಹೇಳುವವರು ನೀವೇ ಆಗಿರಬೇಕು.